ಭಾನುವಾರ ಟಿವಿ ಹಾಕಿದ್ದು

ತೊಂಬತ್ತರ ದಶಕದ ಆ ರಾಕ್ ಉತ್ಸವದ ಮಾತು ಬಂದರೆ ಸಾಕು, ಯಾವ ದಿನ ಯಾವ ತಂಡ ನುಡಿಸಿತೆಂದು ಡೊಲೀನಾಳ ಗೆಳತಿಯರು ಇಂದಿಗೂ ಮಗ್ಗಿಯಂತೆ ಒಪ್ಪಿಸುತ್ತಾರೆ. ಡೊಲೀನಾ ಟಿವಿಯಲ್ಲಿ ನೋಡಿದ್ದು ಒಂದೇ ತಂಡ. ಆಗ ಅವಳಿಗೆ ಹದಿನೈದು.

ಅವಳು ಹುಟ್ಟಿ ಬೆಳೆದ ಲೂಯಿಸ್ ದ್ವೀಪದಲ್ಲಿ ಭಾನುವಾರವೆಂದರೆ ದೇವರ ದಿನ. ಅಂದು ಬಟ್ಟೆ ಒಣಹಾಕುವಂತಿಲ್ಲ, ಮಕ್ಕಳ ಉಯ್ಯಾಲೆಗೂ ಸರಪಳಿ ಬಿಗಿದಿರುತ್ತಾರೆ. ಆಲೂಗಡ್ಡೆಯನ್ನು ಶನಿವಾರವೇ ಸುಲಿದು ನೀರಿನಲ್ಲಿ ಹಾಕಿಡಬೇಕು. ಅಪ್ಪ ಟೊರ್ಮೊಡ್ ಚರ್ಚಿನ ಹಿರಿಯರಲ್ಲೊಬ್ಬ. ಅವನ ಮನೆಯಲ್ಲಿ ಶನಿವಾರ ಟಿವಿಗೆ ಬಟ್ಟೆ ಹೊದಿಸಿದರೆ ತೆಗೆಯುವುದು ಸೋಮವಾರವೇ. ಪುಣ್ಯಕ್ಕೆ ಸೀನಲು ಅಡ್ಡಿ ಇರಲಿಲ್ಲ.

ಅಕ್ಕ ಎಫಿ ಗಿಟಾರ್ ಹೊತ್ತು ಗ್ಲಾಸ್ಗೋ ಸೇರಿ ಎರಡು ವರ್ಷವಾಗಿತ್ತು. ಹೊಸಿಲು ದಾಟಿದವಳು ಮಗಳಲ್ಲ ಎಂದು ಅಪ್ಪ ಅಂದೇ ಹೇಳಿಬಿಟ್ಟಿದ್ದ. ಅವಳ ಕಾಗದಗಳು ಒಡೆಯದೆ ವಾಪಸು ಹೋಗುತ್ತಿದ್ದವು. ಮನೆಯಲ್ಲಿ ಯಾರೂ ಅವಳ ಹೆಸರೆತ್ತುವಂತಿರಲಿಲ್ಲ. ಅಮ್ಮ ಪೆಗಿ ತುಟಿ ಪಿಟಕ್ಕೆನ್ನದೆ ಹೆಣೆಯುತ್ತ ಕೂರುತ್ತಿದ್ದಳು. ಅಪ್ಪನ ಸಿಟ್ಟಿಗಿಂತ ಅಮ್ಮನ ಆ ಮೌನವೇ ಡೊಲೀನಾಳ ಮೈ ಉರಿಸುತ್ತಿತ್ತು.

ಜೂನ್ ತಿಂಗಳಲ್ಲಿ ಸಹಪಾಠಿಯೊಬ್ಬಳ ಮನೆಯ ವಿಳಾಸಕ್ಕೆ ಎಫಿಯ ಕಾರ್ಡು ಬಂತು. ದಕ್ಷಿಣದ ಆ ದೊಡ್ಡ ಉತ್ಸವದಲ್ಲಿ ತಮ್ಮ ತಂಡಕ್ಕೂ ಅವಕಾಶ ಸಿಕ್ಕಿದೆ, ಭಾನುವಾರ ಸಂಜೆ ಐದಕ್ಕೆ ಟಿವಿಯಲ್ಲಿ ಬರುತ್ತೇವೆ, ಹೇಗಾದರೂ ನೋಡು ಎಂದು ಬರೆದಿದ್ದಳು. ಟಿವಿಯಲ್ಲಿ ಬರುವುದೇನೋ ಸರಿ, ಆದರೆ ಭಾನುವಾರ!

ಡೊಲೀನಾ ತಲೆ ಓಡಿಸಿದಳು. ಶನಿವಾರವೇ ವೀಡಿಯೊ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಮರುದಿನ ಐದಕ್ಕೆ ತಾನಾಗಿಯೇ ಶುರುವಾಗುವಂತೆ ಹೊತ್ತು ಗೊತ್ತುಮಾಡಿಟ್ಟಳು. ತಾನು ಮುಟ್ಟಿದ್ದು ಶನಿವಾರ, ಭಾನುವಾರ ದುಡಿಯುವುದು ಯಂತ್ರ. ಯಂತ್ರಕ್ಕೆಲ್ಲಿಯ ಪಾಪ?

ಮರುದಿನ ಐದು ಗಂಟೆಗೆ ಅಪ್ಪ ಎಂದಿನಂತೆ ಬೈಬಲ್ ಓದುತ್ತಿದ್ದ. ಬಟ್ಟೆಯ ಅಡಿಯಿಂದ ಟಕ್ಕೆಂದು ಸದ್ದಾಯಿತು. ಯಂತ್ರ ಗರಗರ ತಿರುಗತೊಡಗಿತು. ಇದು ಯಾರ ಕೆಲಸವೆಂದು ಅಪ್ಪ ಕೇಳುವ ಮೊದಲೇ ಡೊಲೀನಾ ಒಪ್ಪಿಕೊಂಡಳು.

"ನಾನೇ. ಶನಿವಾರನೇ ಇಟ್ಟಿದ್ದು. ಶನಿವಾರ ಸುಲಿದ ಆಲೂಗಡ್ಡೆ ಇವತ್ತು ತಿಂದ್ರಲ್ಲಪ್ಪ, ಅದೂ ಹಾಗೇ."

ಅಪ್ಪನ ಮುಖ ಕೆಂಪೇರಿತು. ನಾಳೆ ಬೆಳಿಗ್ಗೆ ಆ ಕ್ಯಾಸೆಟ್ ಸಮುದ್ರದ ಪಾಲು ಎಂದ. ಅವನು ಹೇಳಿದ್ದನ್ನು ಮಾಡದೆ ಬಿಡುವವನಲ್ಲ. ಸಮುದ್ರದಲ್ಲಿ ಮುಳುಗುವುದು ಅಕ್ಕನೇ ಎನಿಸಿತು ಡೊಲೀನಾಳಿಗೆ. ಹೇಗಿದ್ದರೂ ಪಾಪಿ ಎನಿಸಿಕೊಂಡಾಯಿತು, ಪೂರ್ತಿಯೇ ಆಗಿಬಿಡೋಣ ಎಂದು ಎದ್ದವಳು ಬಟ್ಟೆ ಎಳೆದು ಟಿವಿ ಹಾಕಿಬಿಟ್ಟಳು.

ಕೆಸರು, ಸಾವಿರಾರು ತಲೆಗಳು, ಬಾವುಟಗಳು. ನಡುವೆ ಎಫಿ. ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಳು, ಸೊರಗಿದ್ದಳು, ನಗುತ್ತಿದ್ದಳು. ಅಪ್ಪನ ಪಕ್ಕ ಕೂತಿದ್ದ ಅಮ್ಮ ಮುಂದಕ್ಕೆ ಬಾಗಿದಳು.

"ಆಫ್ ಮಾಡು ಅದನ್ನ," ಎಂದ ಅಪ್ಪ.

"ನೀವೇ ಮಾಡಿ. ಭಾನುವಾರ ಗುಂಡಿ ಒತ್ತಬಾರದು ಅಂದವರು ನೀವೇ ತಾನೆ?"

ಅಪ್ಪನ ಕೈ ಟಿವಿಯವರೆಗೂ ಹೋಯಿತು, ಅಲ್ಲೇ ನಿಂತಿತು. ಐವತ್ತು ವರ್ಷ ಕಾಪಾಡಿಕೊಂಡು ಬಂದ ನೇಮ ಅದು. ಕೊನೆಗೆ ಕುರ್ಚಿಗೆ ಮರಳಿ, ಬಿಟ್ಟಲ್ಲಿಂದ ಬೈಬಲ್ಲನ್ನು ಗಟ್ಟಿಯಾಗಿ ಓದತೊಡಗಿದ. ಎಫಿ ಬಾಯಿ ತೆರೆದು ಹಾಡುತ್ತಿದ್ದಳು. ಅವನ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಡೊಲೀನಾಳಿಗೆ ಅಳು ಬಂತು. ಆದರೂ ಕಣ್ಣು ಕೀಳಲಿಲ್ಲ.

ಅಷ್ಟರಲ್ಲಿ ಅಮ್ಮ ಎದ್ದಳು. ಹುಟ್ಟಿದಾಗಿನಿಂದ ಭಾನುವಾರ ಒಂದು ಸೂಜಿಯನ್ನೂ ಮುಟ್ಟದವಳು ಟಿವಿಯ ಬಳಿಗೆ ಹೋಗಿ ಸದ್ದನ್ನು ಕೊನೆಯವರೆಗೂ ಏರಿಸಿದಳು.

"ನೀವು ಓದ್ತಾ ಇರಿ," ಎಂದಳು ಗಂಡನಿಗೆ, ಬೆನ್ನು ತಿರುಗಿಸಿಯೇ. "ನಾನು ನನ್ನ ಮಗಳನ್ನ ನೋಡ್ಬೇಕು."