ಎಂಟಕ್ಕೆ ಇಳಿಯದ ಸ್ಪ್ರಿಂಗ್

ಬೆಳಿಗ್ಗೆ ಏಳಕ್ಕೆ ಪ್ರಯೋಗಶಾಲೆಯ ಬೀಗ ತೆಗೆದು, ಮೇಜುಗಳ ಧೂಳು ಒರೆಸಿ, ಸ್ಟ್ಯಾಂಡುಗಳನ್ನು ಸಾಲಾಗಿ ನಿಲ್ಲಿಸಿ, ಈರಬಸಪ್ಪ ಒಮ್ಮೆ ಸ್ಟೂಲಿನ ಮೇಲೆ ಕೂತರೆ ಮೊಣಕಾಲು ಮತ್ತೆ ಏಳಲು ಒಪ್ಪುತ್ತಿರಲಿಲ್ಲ. ಮರಾಠಿ ನಾಡಿನ ಕಾತ್ರಜದ ಜೂನಿಯರ್ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಅವನದು ಇದೇ ಕೆಲಸ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಒರೆಸುವಾಗ ಬಾಯಲ್ಲಿ, ಧಾರವಾಡದ ಕಡೆಯ ತನ್ನೂರಿನಲ್ಲಿ ಅಪ್ಪನಿಂದ ಕೇಳಿ ಕಲಿತ ವಚನವೊಂದು ತಾನಾಗಿ ಬರುತ್ತಿತ್ತು. ಈಚೆಗೆ ಅದೂ ನಡುವೆಯೇ ನಿಂತುಹೋಗುತ್ತಿತ್ತು. ನಿಂತದ್ದು ಅವನ ಗಮನಕ್ಕೂ ಬರುತ್ತಿರಲಿಲ್ಲ.

ಎಂಟಕ್ಕೆ ಹನ್ನೊಂದನೆಯ ತರಗತಿಯ ಹುಡುಗರು ನುಗ್ಗಿದರು. ಅವರಿಗೆ ಒಂಬತ್ತೂವರೆಗೆ ಕೋಚಿಂಗ್ ಕ್ಲಾಸು.

"ಕಾಕಾ, ವಹೀ ದ್ಯಾ ನಾ, ಲವಕರ!" ಎಂದು ಪ್ರಣವ ಮರಾಠಿಯಲ್ಲಿ ಅವಸರಪಡಿಸುತ್ತ ಕೈ ಚಾಚಿದ.

ಈರಬಸಪ್ಪ ಕಪಾಟಿನಿಂದ ರಟ್ಟಿನ ಹೊದಿಕೆಯ ಹಳೆಯ ವಹಿ ತೆಗೆದುಕೊಟ್ಟ. ಎಲ್ಲ ಪ್ರಯೋಗಗಳ ರೀಡಿಂಗುಗಳೂ ಅದರಲ್ಲಿ ಸಿದ್ಧವಾಗಿದ್ದವು. ಕಾಯಿಲೆ ಬಿದ್ದು ತಪ್ಪಿಸಿಕೊಂಡವರಿಗೆ ಇರಲಿ ಎಂದು ಯಾವ ಕಾಲದಲ್ಲೋ ಯಾರೋ ಬರೆದಿಟ್ಟದ್ದು. ಈಗ ಎಲ್ಲರೂ ಬರೆಯುವುದು ಅದನ್ನೇ ನೋಡಿ. ಸ್ಟ್ಯಾಂಡು ಮೇಜಿನ ಮೇಲೆ ಸುಮ್ಮನೆ ನಿಂತಿರುತ್ತದೆ, ಹತ್ತು ನಿಮಿಷದಲ್ಲಿ ಪ್ರಯೋಗ ಮುಗಿದಿರುತ್ತದೆ.

"ಪ್ರಾಚಿ, ನೀನು ಎಂಟು ಪಾಯಿಂಟ್ ಒಂದು ಬರಿ, ನಾನು ಎಂಟೇ ಬರೀತೀನಿ," ಎಂದು ಪ್ರಣವ ಮರಾಠಿಯಲ್ಲಿ ಹೇಳಿ ನಕ್ಕ. "ಸರ್‌ಗೂ ಸ್ವಲ್ಪ ವೆರೈಟಿ ಬೇಕಲ್ಲ."

ಮೂಲೆಯ ಮೇಜಿನಲ್ಲಿ ದೀಪಾಲಿ ಒಬ್ಬಳೇ ಕೆಲಸ ಮಾಡುತ್ತಿದ್ದಳು. ಸ್ಟ್ಯಾಂಡಿನಿಂದ ಇಳಿಬಿಟ್ಟ ಸ್ಪ್ರಿಂಗ್, ಅದರ ತುದಿಗೊಂದು ಮುಳ್ಳು, ಪಕ್ಕದಲ್ಲಿ ಅಳತೆಪಟ್ಟಿ. ಇನ್ನೂರು ಗ್ರಾಮಿನ ತೂಕ ತೂಗುಹಾಕಿ, ಅಲುಗಾಟ ನಿಲ್ಲುವವರೆಗೆ ಕಾದು, ಮುಳ್ಳು ಎಷ್ಟು ಇಳಿಯಿತು ಎಂದು ನೋಡಬೇಕು. ಅಷ್ಟೇ ಪ್ರಯೋಗ. ಈ ಪ್ರಯೋಗ ಮುಗಿಸಿದ ಎಲ್ಲರ ಜರ್ನಲ್ಲಿನಲ್ಲೂ ಎಂಟು ಸೆಂಟಿಮೀಟರ್ ಇತ್ತು. ಅವಳದರಲ್ಲಿ ಐದು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಮೂರು ಸಲ 'ತಪ್ಪು. ಮತ್ತೆ ಮಾಡು' ಎಂದಿತ್ತು.

ಈರಬಸಪ್ಪ ಹತ್ತಿರ ಹೋದ. ಅವಳ ಮನೆಮಾತೂ ಕನ್ನಡವೇ. "ಯವ್ವಾ, ಎಲ್ಲಾರೂ ಎಂಟು ಬರದಾರ. ನೀನೂ ಬರದು ಕೈ ತೊಳಕೊ."

"ಎಂಟಕ್ಕ ಇಳಿಯವಲ್ದು ಕಾಕಾ. ಐದಕ್ಕ ನಿಲ್ತದ."

"ನಿಂತ್ರ ನಿಲ್ಲಲಿ ಬಿಡು. ಸ್ಪ್ರಿಂಗಿಗೆ ಪರೀಕ್ಷಾ ಅದನ? ನಿನಗ ಅದ."

ದೀಪಾಲಿ ನಗಲಿಲ್ಲ. "ನನಗ ಸೈನ್ಸ್ ಬರೂದಿಲ್ಲ ಅನಸ್ತದ. ಸರ್ ಅಪ್ಪಗ ಫೋನ್ ಮಾಡಿದ್ರಂತ. ಅಪ್ಪ ಇವತ್ತ ಮಧ್ಯಾಹ್ನ ಬಂದು ಕಾಮರ್ಸಿಗೆ ಹಾಕಸ್ತಾನ. ಬದಲಿ ಮಾಡಾಕ ಇವತ್ತ ಕೊನೇ ದಿನ. ನಾಕಕ್ಕ ಆಫೀಸಿನ ಕಿಟಕಿ ಮುಚ್ತಾರ."

ಅಷ್ಟು ಹೇಳಿ ಅವಳು ಮತ್ತೆ ತೂಕ ತೂಗುಹಾಕಿದಳು. ಇನ್ನು ಮಾಡಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಮಾಡುತ್ತಿದ್ದಳು.

ಮುಳ್ಳು ತೂಗಾಡಿ ತೂಗಾಡಿ ಐದರ ಗೆರೆಯಲ್ಲಿ ನಿಂತಿತು. ಈರಬಸಪ್ಪ ಮುಳ್ಳು ನೋಡಿದ, ಆಮೇಲೆ ಸ್ಪ್ರಿಂಗ್ ನೋಡಿದ. ಹಳೆಯ ಸ್ಪ್ರಿಂಗುಗಳು ತುಕ್ಕು ಹಿಡಿದವೆಂದು ಎರಡು ವರ್ಷದ ಹಿಂದೆ ಅವನೇ ಹೊಸವನ್ನು ತಂದು ಸಿಕ್ಕಿಸಿದ್ದ. ಹೊಸವು ಬಿಗಿ, ಕೈಗೆ ತೆಗೆದುಕೊಂಡಾಗಲೇ ಅದು ತಿಳಿದಿತ್ತು. ಆದರೆ ವಹಿಯಲ್ಲಿ ಉಳಿದದ್ದು ಹಳೆಯ ಸ್ಪ್ರಿಂಗಿನ ರೀಡಿಂಗು. ಎರಡು ವರ್ಷದಿಂದ ಹುಡುಗರೆಲ್ಲ ಇಲ್ಲದ ಸ್ಪ್ರಿಂಗನ್ನು ಅಳೆದಿದ್ದರು. ನಿಜವಾಗಿ ಅಳೆದವರು ಯಾರೂ ಇಲ್ಲದ ಕಾರಣ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಗಳಿಗೆಯಲ್ಲೇ ಹೋಗಿ ಸರ್‌ಗೆ ಹೇಳಬಹುದಿತ್ತು. ಹೇಳಲಿಲ್ಲ. ಎಂಟು ತಿಂಗಳು ಸುಮ್ಮನಿದ್ದರೆ ಆಯಿತು ಎಂದುಕೊಂಡು ಹೊರಗೆ ಹೋಗಿ ಚಹಾ ಕುಡಿದ. ಚಹಾ ರುಚಿಸಲಿಲ್ಲ. ಚಿಕ್ಕಂದಿನಲ್ಲಿ ಮಠದಲ್ಲಿ ಅಜ್ಜನ ತೊಡೆಗೆ ಆತು ಕೂತು ಪುರಾಣ ಕೇಳಿದ್ದು ನೆನಪಾಯಿತು. ಓದುವವರು ಎಲ್ಲಾದರೂ ಒಂದು ಪದ ತಪ್ಪಿದರೆ, ಕೇಳುವವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರೂ, ಪದ್ಯದ ಮೊದಲಿಗೆ ಹೋಗಿ ಮತ್ತೆ ಓದುತ್ತಿದ್ದರು. 'ಯಾರಿಗೆ ಗೊತ್ತಾಗ್ತಿತ್ತು?' ಎಂದು ಹುಡುಗನಾಗಿದ್ದಾಗ ಅವನಿಗೆ ಬೇಸರ ಬರುತ್ತಿತ್ತು.

ಮಧ್ಯಾಹ್ನ ಮೂರೂಕಾಲಿಗೆ ದೀಪಾಲಿಯ ತಂದೆ ಮಾಂತು ಮಗಳೊಂದಿಗೆ ಸ್ಟಾಫ್ ರೂಮಿಗೆ ಬಂದ. ಹೆದ್ದಾರಿಯ ಮೇಲಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಅರ್ಧ ದಿನದ ರಜೆ ಹಾಕಿ, ಕೈಯಲ್ಲಿ ತುಂಬಿದ ಅರ್ಜಿ ಹಿಡಿದಿದ್ದ. ಅದಕ್ಕೆ ಭೌತಶಾಸ್ತ್ರದ ಅಪ್ಪಾಸಾಹೇಬ ಸರ್ ಅವರ ಸಹಿ ಬೇಕಿತ್ತು. ನಿಪ್ಪಾಣಿಯವರಾದ ಅವರಿಗೆ ಕನ್ನಡ, ಮರಾಠಿ ಎರಡೂ ಒಂದೇ.

"ನಮ್ಮ ಮನ್ಯಾಗ ಯಾರೂ ಸೈನ್ಸ್ ಓದಿಲ್ರಿ," ಎಂದ ಮಾಂತು. "ಇಂಜಿನೀರ ಆಗ್ತೀನಿ ಅಂತ ಹಟಾ ಹಿಡದ್ಲು, ಹಚ್ಚಿದೆ. ಒಂದ ಪ್ರಯೋಗ ಮೂರ ಸಲ ತಪ್ಪಂದ್ರ, ಮುಂದ ಹೆಂಗ್ರಿ? ಈಗ ಬಿಡಿಸಿದ್ರ ವರ್ಷರ ಉಳೀತದ."

"ನಾ ಆಕೀಗೆ ವೈರಿ ಅಲ್ರಿ," ಎಂದರು ಅಪ್ಪಾಸಾಹೇಬ. ಅವರ ಮುಂದೆ ಜರ್ನಲ್ಲುಗಳ ರಾಶಿ ಇತ್ತು. "ನೂರಾ ಇಪ್ಪತ್ತು ಜರ್ನಲ್, ನೋಡಾಂವ ನಾ ಒಬ್ಬ. ಪೋರ್ಷನ್ ಮುಗಸಬೇಕು. ಹುಡುಗ್ರ ಮನಸೆಲ್ಲಾ ಕೋಚಿಂಗ್ ಕ್ಲಾಸಿನ್ಯಾಗ. ಎಲ್ಲಾರ ಉತ್ತರಾ ಒಂದ ಬಂದು ಒಬ್ಬಾಕೀದ ಬ್ಯಾರೆ ಬಂತಂದ್ರ ನಾ ಏನ ತಿಳಕೋಬೇಕು ಹೇಳ್ರಿ?"

"ಸರ್, ಒಮ್ಮೆ ನೀವ ನೋಡ್ರಿ," ಎಂದಳು ದೀಪಾಲಿ ಮೆಲ್ಲಗೆ.

"ನೋಡೂದೇನದವಾ ಅದರಾಗ?" ಎಂದು ಅವರು ಪೆನ್ನು ತೆಗೆದರು.

ಬಾಗಿಲಲ್ಲಿ ನಿಂತಿದ್ದ ಈರಬಸಪ್ಪ ಒಳಗೆ ಬಂದ. "ಸಹಿ ಮಾಡಬ್ಯಾಡ್ರಿ ಸರ್. ತಪ್ಪು ಹುಡುಗೀದಲ್ಲ, ನಂದು."

ಹೊಸ ಸ್ಪ್ರಿಂಗು, ಹಳೆಯ ವಹಿ, ಎರಡು ವರ್ಷ, ಎಲ್ಲವನ್ನೂ ಹೇಳಿದ. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಅಪ್ಪಾಸಾಹೇಬರ ಮುಖ ಬಿಗಿಯಿತು. "ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ, ನಾನೂ ಹೇಳಲಿಲ್ಲ. ನೋಡಿ ಬರಿಯೂದ ಅಂದಮ್ಯಾಲೆ ಯಾವ ಸ್ಪ್ರಿಂಗ್ ಇದ್ರೇನು ಅಂತ ಸುಮ್ನಾದೆ."

ಅವರು ಎದ್ದು ಪ್ರಯೋಗಶಾಲೆಗೆ ನಡೆದರು. ಮೂಲೆಯ ಮೇಜಿನ ಮುಂದೆ ನಿಂತು ತೂಕ ತೂಗುಹಾಕಿದರು. ಸ್ಪ್ರಿಂಗ್ ಇನ್ನೂ ಕುಣಿಯುತ್ತಿದ್ದಾಗಲೇ, ನಿಂತಲ್ಲಿಂದಲೇ ನೋಡಿ, "ಆರೂವರಿ?" ಎಂದರು.

"ನಿಲ್ಲೂತನಕ ತಡೀಬೇಕ್ರಿ ಸರ್," ಎಂದಳು ದೀಪಾಲಿ. "ಮತ್ತ ಕಣ್ಣು ಮುಳ್ಳಿನ ಮಟ್ಟಕ್ಕ ತರಬೇಕ್ರಿ. ನೀವ ಹೇಳಿದ್ರಿ, ಮೊದಲನೇ ದಿನ."

"ಹೇಳಿದ್ನೇನು?" ಅವರಿಗೆ ನಗು ಬಂತು, ದಣಿದ ನಗು. "ನಾ ಇದನ್ನ ಮುಟ್ಟಿ ಎಷ್ಟ ವರ್ಷಾತೋ ಏನೋ."

ಬಗ್ಗಿ ಕಾದರು. ಮುಳ್ಳು ಐದಕ್ಕೆ ನಿಂತಿತು. ನೂರು ಗ್ರಾಮ್ ತೆಗೆದು ನೋಡಿದರು: ಎರಡೂವರೆ. ಅನುಮಾನಕ್ಕೆ ಜಾಗವಿರಲಿಲ್ಲ. ದೀಪಾಲಿಯ ಜರ್ನಲ್ ತರಿಸಿ, ತಾವೇ ಬರೆದ ಮೂರು ಕೆಂಪು ಸಾಲುಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.

"ಎರಡ ವರ್ಷದಿಂದ ಹುಡುಗರಿಗೆ ಸರಿ ಅಂತ ಬರದು ಕೊಟ್ಟೀನಿ," ಎಂದರು ಯಾರಿಗೂ ಅಲ್ಲದಂತೆ. ಆಮೇಲೆ, "ಈರಬಸಪ್ಪ, ಇದನ್ನ ಪ್ರಿನ್ಸಿಪಾಲರಿಗೆ ಬರದು ಕೊಡಬೇಕಾಗ್ತದ."

"ಕೊಡ್ತೀನ್ರಿ. ಇವತ್ತ ಕೊಡ್ತೀನಿ."

"ಕೆಳಗ ನನ್ನ ಹೆಸರೂ ಬರಿ. ಇಬ್ಬರೂ ಸಹಿ ಮಾಡೂಣು."

ಮಾಂತು ಅರ್ಜಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಹಂಗಾರ ಇಕಿ ಮುಂದ ಪಾಸಾಗ್ತಾಳೇನ್ರಿ ಸರ್?"

"ಅದನ್ನ ನಾ ಹೇಳಲಾರೆ. ಇಡೀ ಕ್ಲಾಸಿನ್ಯಾಗ ಕಣ್ಣಿಗೆ ಕಂಡದ್ದು ಬರದಾಕಿ ಇಕಿ ಒಬ್ಬಾಕಿ. ನಾ ತಪ್ಪಂದ್ರೂ ಮತ್ತ ಅದನ್ನ ಬರದ್ಲು. ಇಂಥಾಕಿನ್ನ ಬಿಡಸ್ರಿ ಅಂತ ಸಹಿ ಮಾಡಾಕ ನನ್ನ ಕೈ ಬರೂದಿಲ್ರಿ. ನಿಮ್ಮ ಮಗಳು, ಉಳಿದದ್ದು ನಿಮಗ ಬಿಟ್ಟದ್ದು."

ಮಾಂತು ಮಗಳನ್ನು ನೋಡಿದ. ಅವಳು ತಲೆ ತಗ್ಗಿಸಿ ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಎಲ್ಲಿ, ಅದೇನು ನನಗಿಷ್ಟು ತೋರಸು," ಎಂದ.

ದೀಪಾಲಿ ತಲೆಯೆತ್ತಿದಳು. ತೂಕವನ್ನು ಅಪ್ಪನ ಕೈಗೇ ಕೊಟ್ಟಳು. "ಮೆತ್ತಗ ಬಿಡಪಾ. ಜಗ್ಗಬ್ಯಾಡ."

"ಲಾರಿ ಮಾಲು ತೂಗಸಾಂವಗ ಕಲಸ್ತೀ ಏನ?" ಎನ್ನುತ್ತ ತೂಗುಹಾಕಿದ. ಸ್ಪ್ರಿಂಗ್ ಒಮ್ಮೆಲೇ ಜಗ್ಗಿ ಕುಣಿಯತೊಡಗಿತು. ಈರಬಸಪ್ಪ ತನ್ನ ಸ್ಟೂಲನ್ನು ಮುಂದಕ್ಕೆ ತಳ್ಳಿದ. ಮಾಂತು ಕೂರಲಿಲ್ಲ. ಅರ್ಜಿಯನ್ನು ಮೇಜಿನ ಮೇಲಿಟ್ಟು, ಮಗಳು ತೋರಿಸಿದಂತೆ ಮೊಣಕಾಲೂರಿ, ಕಣ್ಣನ್ನು ಮುಳ್ಳಿನ ಮಟ್ಟಕ್ಕೆ ತಂದ.

ಆಗ ಕಚೇರಿಯ ಜವಾನ ಅಂಬಣ್ಣ ಬಾಗಿಲಲ್ಲಿ ಇಣುಕಿದ. "ಬದಲಿ ಅರ್ಜಿ ಇದ್ರ ಲಗೂ ಕೊಡ್ರಿ. ಕಿಟಕಿ ಮುಚ್ಚಾಕ ಹತ್ಯಾರ."

ಮಾಂತು ತಿರುಗಿ ನೋಡಲಿಲ್ಲ.

"ಮುಚ್ಚಂತ ಹೇಳಪಾ," ಎಂದ. "ಇದು ಇನ್ನೂ ಅಲಗ್ಯಾಡಾಕ ಹತ್ತೇದ."