ಏಳನೆಯ ಷರತ್ತು

"ಹೋದ ವರ್ಷದ್ದೇ ಕಣಮ್ಮ, ತಾರೀಕು ಮಾತ್ರ ಬೇರೆ. ಸಹಿ ಹಾಕು," ಎಂದು ಮಾಲೀಕ ಟೈಪಿಸ್ಟಿನ ಮೇಜಿನ ಮೇಲಿದ್ದ ಹೊಸ ಬಾಡಿಗೆ ಕರಾರಿನ ಪಕ್ಕಕ್ಕೆ ಪೆನ್ನನ್ನು ತಳ್ಳಿದ.

ಟೈಲರಮ್ಮ ಪೆನ್ನು ಮುಟ್ಟಲಿಲ್ಲ. ಮೂರು ತಿಂಗಳಿಂದ ಅವಳ ಅಂಗಡಿಯ ಸೂರು ಸೋರುತ್ತಿತ್ತು. ಮೇಲೆ ಮಾಲೀಕನ ಬಚ್ಚಲಿನ ಪೈಪು ಒಡೆದು, ಬೀರುವಿನಲ್ಲಿ ಹೊಲಿದಿಟ್ಟ ನಲವತ್ತು ಶಾಲಾ ಅಂಗಿಗಳಿಗೆ ಬೂಷ್ಟು ಹಿಡಿದಿತ್ತು. ಅದೇ ಬೀರುವಿನಲ್ಲಿದ್ದ ಹೋದ ವರ್ಷದ ಕರಾರುಪತ್ರದ ಅವಳ ಪ್ರತಿಯೂ ಕೈಗೆ ಬಾರದಂತೆ ಕರಗಿಹೋಗಿತ್ತು. ಹೇಳಿ ಹೇಳಿ ನಾಲಿಗೆ ಸವೆದರೂ ಮಾಲೀಕನದು ಒಂದೇ ಮಾತು, "ನೋಡೋಣ." ಪತ್ರ ಹಾಳಾದ ಸುದ್ದಿಗೆ ಮಾತ್ರ ಅವನ ಕಿವಿ ನಿಮಿರಿತ್ತು.

"ಅಣ್ಣ, ಒಂದ್ಸಲ ಓದಿಬಿಡಿ," ಎಂದಳು ಟೈಪಿಸ್ಟಿಗೆ. ಹೋದ ವರ್ಷವೂ ಅವನೇ ಓದಿದ್ದ. ಗಿರಾಕಿಗಳ ಅಳತೆಯನ್ನು ಎಂದೂ ಬರೆದುಕೊಳ್ಳದೆ ಹೊಲಿಯುವವಳು ಅವಳು. ಒಮ್ಮೆ ಕಿವಿಗೆ ಬಿದ್ದದ್ದು ಜಾರುತ್ತಿರಲಿಲ್ಲ.

ಟೈಪಿಸ್ಟ್ ಓದುತ್ತ ಹೋದ. ಆರು ಷರತ್ತು ಸರಿಯಾಗಿಯೇ ಸಾಗಿದವು.

"ಏಳು. ಛಾವಣಿ, ಗೋಡೆ, ಪೈಪುಗಳ ದುರಸ್ತಿ ಬಾಡಿಗೆದಾರರ ಹೊಣೆ."

"ನಿಲ್ಸಿ!" ಅವಳ ಮೈಯೆಲ್ಲ ಉರಿಯಿತು. "ಹೋದ ವರ್ಷ ಓದಿದ್ದು ಹೀಗೆ: 'ಛಾವಣಿ, ಗೋಡೆ, ಪೈಪುಗಳ ದುರಸ್ತಿ ಮಾಲೀಕರ ಹೊಣೆ. ಒಳಗಿನ ಬಲ್ಬು, ಬೀಗ, ಗಾಜು ಬಾಡಿಗೆದಾರರ ಹೊಣೆ.' ಬಲ್ಬು ನಾನೇ ಹಾಕ್ಸಿದೀನಿ. ಬೀಗಾನೂ ನಾನೇ. ನಿಮ್ಮ ಪಾಲಿಂದು ಎಲ್ಲಿ ಹೋಯ್ತು ಸಾರ್?"

"ಕನಸು ಕಂಡಿರ್ಬೇಕು ನೀನು. ಪತ್ರ ಇದ್ರೆ ತೋರ್ಸು."

"ನಿಮ್ಮ ಬಚ್ಚಲೇ ತಿಂದು ಹಾಕ್ತಲ್ಲ ಅದನ್ನ!"

ಟೈಪಿಸ್ಟ್ ಯಾರ ಮುಖವನ್ನೂ ನೋಡದೆ ಹಳೆಯ ಫೈಲು ತೆರೆದು ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದ. ಏಳನೆಯದು ಅವಳು ಹೇಳಿದಂತೆಯೇ ಇತ್ತು, ಒಂದಕ್ಷರ ಆಚೀಚೆ ಇಲ್ಲ.

ಮಾಲೀಕನ ಮುಖ ಸುಟ್ಟ ಬದನೆಕಾಯಿಯಾಯಿತು. "ಇವನೇ ಏನೋ ತಪ್ಪಾಗಿ ಟೈಪ್ ಮಾಡಿದಾನೆ."

"ನೀವು ಹೇಳಿದ್ದನ್ನೇ ಮಾಡಿದ್ದು ಸಾರ್," ಎಂದ ಟೈಪಿಸ್ಟ್, ಮೆಲ್ಲಗೆ.

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಊರೆಲ್ಲ ಕುರುಡಾ?" ಎಂದಳು ಟೈಲರಮ್ಮ.

"ಇಷ್ಟ ಇಲ್ದಿದ್ರೆ ಅಂಗಡಿ ಖಾಲಿ ಮಾಡು!"

"ಹನ್ನೊಂದನೇದು: ಖಾಲಿ ಮಾಡಿಸೋಕೆ ಎರಡು ತಿಂಗಳ ನೋಟಿಸು, ಬರವಣಿಗೆಯಲ್ಲಿ. ಕೊಡಿ, ತಗೋತೀನಿ. ಅಲ್ಲೀವರೆಗೂ ಏಳನೇದು ನಿಮ್ಮ ತಲೆ ಮೇಲೇ ಇದೆ. ಮೊದಲು ಪ್ಲಂಬರ್ ಬರ್ಲಿ. ಸೂರು ಒಣಗಿದ ದಿನ ಸಹಿ ಮಾತಾಡೋಣ."

ಅವಳು ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅಣ್ಣ, ಆ ಹಳೇದನ್ನ ನಂಗೊಂದು ಪ್ರಿಂಟ್ ತೆಗೀರಿ. ಲ್ಯಾಮಿನೇಟ್ ಮಾಡೇ ಕೊಡಿ. ಇನ್ನೂ ಸೋರ್ತಾ ಇದೆ."