ಮೂವತ್ತು ಲಕೋಟೆ ಬಿಲ್ವಪತ್ರಿ

ಮೋರಖಂಡಿಯ ದೇವಿಂದ್ರಪ್ಪನಿಗೆ ಎರಡು ವಿಷಯದಲ್ಲಿ ಭಾರಿ ಜಂಬ. ತನ್ನ ಕುರಿಗಳು ಒಮ್ಮೆಯೂ ಇನ್ನೊಬ್ಬರ ಹೊಲಕ್ಕೆ ಬಾಯಿ ಹಾಕಿಲ್ಲ ಎನ್ನುವುದು ಒಂದು. ಅದು ಶುದ್ಧ ಸುಳ್ಳು. ಪ್ರತಿ ಸೋಮವಾರ ಬಸವಕಲ್ಯಾಣದ ಹೂವಿನಂಗಡಿಗೆ ತಾನು ಕೊಡುವ ಬಿಲ್ವಪತ್ರಿಯಲ್ಲಿ ಒಂದೇ ಒಂದು ಹರಿದ ಎಲೆ ಇರುವುದಿಲ್ಲ ಎನ್ನುವುದು ಇನ್ನೊಂದು. ಅದು ಮಾತ್ರ ಅಪ್ಪಟ ನಿಜ. ಮೂರು ದಳ ಸಮನಾಗಿರಬೇಕು, ಹುಳ ತಿಂದಿರಬಾರದು, ಚುಕ್ಕೆ ಇರಬಾರದು. ಊರ ಹಿಂದಿನ ಗುಡ್ಡದ ತುಂಬ ಪತ್ರಿ ಗಿಡಗಳು ತಾವಾಗಿಯೇ ಬೆಳೆದಿದ್ದರೂ ಅಂಥ ಎಲೆ ಸಿಗುತ್ತಿದ್ದದ್ದು ಅವನ ಹಿತ್ತಲ ಗಿಡದಲ್ಲಿ ಮಾತ್ರ.

ಈಗ ಆ ಗುಡ್ಡಕ್ಕೇ ಸಂಚಕಾರ ಬಂದಿತ್ತು. ಸೋಲಾರ್ ಹಾಕುವವರು ಎರಡು ಸಲ ಬಂದು ಅಳೆದುಕೊಂಡು ಹೋಗಿದ್ದರು. ಕಾಡು ಬಿಲ್ವವನ್ನು ಕಾಯಲು ಅರಣ್ಯದವರು ಒಂದೇ ಒಂದು ಗುಡ್ಡ ಆರಿಸುವವರಿದ್ದರು. ಮೋರಖಂಡಿಯದು, ಇಲ್ಲವೇ ಚಿಟಗುಪ್ಪದ ಕಡೆಯದು. ಆರಿಸಿದ ಗುಡ್ಡದಲ್ಲಿ ಕುರಿ ಮೇಯಿಸಬಹುದು, ಗಿಡ ಕಡಿಯುವಂತಿಲ್ಲ. ಗುಡ್ಡ ಹೋದರೆ ಬೇಸಿಗೆಯಲ್ಲಿ ಕುರಿಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗುವುದು ಎಂಬ ಚಿಂತೆಯಲ್ಲಿ ದೇವಿಂದ್ರಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆಗೆ ಬಂದವಳು ಸಾಕ್ಷಿ, ಗಿಡಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ.

"ಕಾಕಾ, ಎಲ್ಲಾ ಗಿಡದ ರಕ್ತ ಒಂದೇ ಇದ್ರ ಒಂದೇ ರೋಗಕ್ಕ ಎಲ್ಲಾ ಹೋಗ್ತಾವ. ಬ್ಯಾರೆ ಬ್ಯಾರೆ ಇದ್ರ ಕೆಲವಾದ್ರೂ ಉಳೀತಾವ. ಯಾವ ಗುಡ್ಡದಾಗ ಹಂಗ ಬ್ಯಾರೆ ಬ್ಯಾರೆ ಅದಾವೋ ಆ ಗುಡ್ಡ ಉಳಸ್ತಾರ್ರಿ."

ಕೈಗೆ ಗವಸು ಹಾಕಿ, ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎಲೆ ಕತ್ತರಿಸಿ ಬಿಳಿ ಲಕೋಟೆಗೆ ಹಾಕುವುದನ್ನು ದಾರಿ ತೋರಿಸಲು ಬಂದಿದ್ದ ದೇವಿಂದ್ರಪ್ಪನಿಗೆ ಒಮ್ಮೆ ಮಾಡಿ ತೋರಿಸಿದಳು. ಎರಡನೆಯ ಗಿಡಕ್ಕೆ ಹೋಗುವಷ್ಟರಲ್ಲಿ ಅವಳ ಕಾಲು ಉಳುಕಿತು. ಮೂವತ್ತು ಖಾಲಿ ಲಕೋಟೆ ಅವನ ಕೈಗಿಟ್ಟು, "ಮೂವತ್ತು ಗಿಡ, ದೂರ ದೂರ ಇರೋವು" ಎಂದು ಹೇಳಿ ಕುಂಟುತ್ತಾ ಇಳಿದಳು.

ದೇವಿಂದ್ರಪ್ಪ ಗುಡ್ಡವೆಲ್ಲ ಸುತ್ತಿದ. ಒಂದು ಗಿಡದ ಎಲೆಗೆ ತೂತು, ಇನ್ನೊಂದರದ್ದು ಮುದುಡಿದೆ, ಮತ್ತೊಂದಕ್ಕೆ ಎರಡೇ ದಳ. ಇಂಥದ್ದನ್ನು ಕಳಿಸಿದರೆ ಗುಡ್ಡದ ಮಾನ ಏನಾದೀತು? ಹೆಣ್ಣು ನೋಡಲು ಬಂದವರ ಮುಂದೆ ಹರಕು ಸೀರೆ ಉಡಿಸಿ ನಿಲ್ಲಿಸುತ್ತಾರೆಯೇ? ಸೀದಾ ಮನೆಗೆ ಬಂದು ಹಿತ್ತಲ ಗಿಡದಿಂದ ಮೂವತ್ತು ಲಕೋಟೆಗೂ ಸಾಕಾಗುವಷ್ಟು ಎಲೆ ಆರಿಸಿ, ನೀರಲ್ಲಿ ಜಾಲಾಡಿ, ಒರೆಸಿ ತುಂಬಿದ.

ತಿಂಗಳಾದ ಮೇಲೆ ಹುಮನಾಬಾದಿನ ಅರಣ್ಯ ಕಚೇರಿಯಿಂದ ಕರೆ ಬಂತು. ಶಾಲು ಹೊದಿಸಿಯಾರು ಎಂದುಕೊಂಡು ಹೊಸ ರುಮಾಲು ಸುತ್ತಿ, ಹೆಂಡತಿ ಗಂಗುಬಾಯಿಯನ್ನೂ ಕರೆದುಕೊಂಡು ಹೋದ.

ಅಧಿಕಾರಿ ಬಸವಕಿರಣ ಎಲೆ ಪರೀಕ್ಷಿಸಿದ ಮಷೀನು ಕೊಟ್ಟ ಕಾಗದ ನೋಡುತ್ತಾ ಸಾಕ್ಷಿಯ ಮೇಲೆ ಹರಿಹಾಯ್ದ. "ಮೂವತ್ತೂ ಲಕೋಟೆದಾಗ ಒಂದೇ ಗಿಡ ಬಂದದ! ಮೋರಖಂಡಿ ಪಟ್ಟಿಯಿಂದ ಹೋತು. ಇಲ್ಲಂದ್ರ ನೀವೇ ಏನರ ಅದಲಿ ಬದಲಿ ಮಾಡೀರಿ."

"ನಂದೇ ತಪ್ಪ ಇರಬೌದ್ರಿ ಸರ್" ಎಂದಳು ಸಾಕ್ಷಿ. ಅವಳ ಧ್ವನಿ ನಡುಗುತ್ತಿತ್ತು.

ದೇವಿಂದ್ರಪ್ಪನಿಗೆ ಇಕ್ಕಟ್ಟಾಯಿತು. ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಗುಡ್ಡ ಹೋಗುತ್ತದೆ. ಹೆಂಡತಿ ಪಕ್ಕೆಗೆ ತಿವಿದಳು. ಎದ್ದು ನಿಂತ.

"ಸಾಹೇಬ್ರ, ಮಷೀನು ಖರೇನೇ ಹೇಳ್ಯದ. ಮೂವತ್ತೂ ನಮ್ಮ ಹಿತ್ತಲ ಗಿಡದ್ದೇ ಅವ."

"ಯಾಕ್ರಿ ಕಾಕಾ ಹಿಂಗ ಮಾಡಿದ್ರಿ?" ಎಂದಳು ಸಾಕ್ಷಿ.

"ಈ ಸಾಕ್ಷಿ ಬಾಯಾರು ಕೈಗಿ ಚೀಲ ಹಾಕ್ಕೊಂಡು, ಕತ್ತರಿ ಒರಸ್ಕೊಂಡು ಇಷ್ಟು ಮಡೀಲಿಂದ ತಗೋತಾರ. ಹುಳಕ ಎಲಿ ಹ್ಯಾಂಗ ಕೊಡ್ಲಿರಿ?"

ಗಂಗುಬಾಯಿ ಅಷ್ಟಕ್ಕೆ ಬಿಡಲಿಲ್ಲ. "ಆ ಗಿಡಾನೂ ಗುಡ್ಡದ್ದಲ್ರಿ. ನಮ್ಮತ್ತಿ ಇದೇ ಹುಮನಾಬಾದ ನರ್ಸರಿಲಿಂದ ತಂದು ಹಚ್ಚಿದ್ದು."

ಬಸವಕಿರಣ ಚಹಾದ ಕಪ್ಪು ಕೆಳಗಿಟ್ಟು ನಕ್ಕ. ಸಾಕ್ಷಿಯೂ ಕಣ್ಣೊರೆಸಿಕೊಂಡು ನಕ್ಕಳು. ನಗದವನು ದೇವಿಂದ್ರಪ್ಪ ಒಬ್ಬನೇ. ಎಂಟು ದಿನದೊಳಗೆ ಹೊಸ ಎಲೆ ಬರಲಿ, ಅಲ್ಲಿಯವರೆಗೆ ಪಟ್ಟಿ ತಡೆಹಿಡಿಯುತ್ತೇನೆ ಎಂದ ಬಸವಕಿರಣ.

ಈ ಸಲ ಸಾಕ್ಷಿ ಬೆನ್ನು ಬಿಡಲಿಲ್ಲ. ತೂತಿನದು, ಮುದುಡಿದ್ದು, ಬೂದಿ ರೋಗ ಬಡಿದದ್ದು, ಒಂದೊಂದನ್ನೂ ದೇವಿಂದ್ರಪ್ಪ ಮುಖ ಸಿಂಡರಿಸಿಕೊಂಡೇ ಹರಿದುಕೊಟ್ಟ. ಗುಡ್ಡದ ನೆತ್ತಿಯಲ್ಲಿ ಸೊಟ್ಟಗೆ ನಿಂತಿದ್ದ ಹತ್ತೊಂಬತ್ತನೆಯ ಗಿಡದ ಎದುರಂತೂ, "ಇದೊಂದ ಬ್ಯಾಡ್ರಿ ಬಾಯಾರ, ನೋಡಿದವ್ರು ನಗ್ತಾರ" ಎಂದು ಗೋಗರೆದ. ಅವಳು ಕೇಳಲಿಲ್ಲ.

ಮುಂದಿನ ತಿಂಗಳು ಸಾಕ್ಷಿಯ ಫೋನು ಬಂತು. "ಕಾಕಾ, ನಿಮ್ಮ ಗುಡ್ಡ ಉಳೀತು! ಮೂವತ್ತಕ್ಕ ಮೂವತ್ತೂ ಬ್ಯಾರೆ ಬ್ಯಾರೆ. ಹತ್ತೊಂಬತ್ತನೇದರಂಥಾದ್ದು ಚಿಟಗುಪ್ಪದ ಕಡಿ ಒಂದೂ ಸಿಕ್ಕಿಲ್ಲ."

ದೇವಿಂದ್ರಪ್ಪ ಕುರಿಗಳನ್ನು ಬಿಟ್ಟವನೇ ಗುಡ್ಡದ ನೆತ್ತಿಗೆ ಹೋದ. ಸೊಟ್ಟ ಗಿಡದ ಮುಂದೆ ರುಮಾಲು ತೆಗೆದ. ಸಂತೋಷಕ್ಕೋ ನಾಚಿಕೆಗೋ ಕಣ್ಣು ತುಂಬಿ ಬಂತು.

"ತಪ್ಪಾತಪ್ಪಾ. ಇಷ್ಟು ವರ್ಷ ಹರಕ, ಹುಳಕ ಅಂತ ನಿನ್ನ ಎಲಿಗಿ ಹೆಸರ ಇಟ್ಟೆ. ನನ್ನ ಕುರಿ ಉಳಿಸಿದಾಂವ ನೀನೇ" ಎಂದು ಕೈಮುಗಿದ.

ಬುತ್ತಿ ತಂದಿದ್ದ ಗಂಗುಬಾಯಿ ಹಿಂದೆಯೇ ನಿಂತಿದ್ದಳು. "ಗಿಡಕ್ಕ ಕೈ ಮುಗದು ತಪ್ಪಾತಂತೀರಿ. ಮೂವತ್ತು ವರ್ಷಾತು ನನ್ನ ರೊಟ್ಟಿಗಿ ಹೆಸರ ಇಡಾಕತ್ತೀರಿ. ಅದಕ್ಕ ಯಾವಾಗ್ರಿ?"

ದೇವಿಂದ್ರಪ್ಪ ಗಿಡದ ಬುಡದಲ್ಲಿ ಕೂತು ಬುತ್ತಿ ಬಿಚ್ಚಿದ. ಮೇಲಿನ ರೊಟ್ಟಿಯ ಒಂದು ಅಂಚು ಕರಕಲಾಗಿತ್ತು. ಹೆಂಡತಿಯ ಮುಖ ನೋಡಿ, ಮೊದಲು ಅದೇ ಅಂಚನ್ನು ಮುರಿದು ಬಾಯಿಗಿಟ್ಟುಕೊಂಡ.

"ಛಲೋ ಆಗ್ಯದ" ಎಂದ.